ವಾರ್ಷಿಕ ವರದಿಯ ಒಂದು ಸಾಲು



ಕಳೆದ ತಿಂಗಳ ಸಭೆ ಮುಗಿದ ಮೇಲೆ ವೆಳ್ಳಕೋಯಿಲಿನ ಸದಸ್ಯರೊಬ್ಬರು ತಮ್ಮ ಮಗಳ ವಾರ್ಷಿಕ ಮೌಲ್ಯಮಾಪನದ ಹಾಳೆ ತೋರಿಸಿದರು. ಆಕೆ ತಿರುಪ್ಪೂರಿನ ಬನಿಯನ್ ರಫ್ತು ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸರಕು ಹೊತ್ತಿಗೆ ಸರಿಯಾಗಿ ಹೋಗಿದೆ, ಲೆಕ್ಕ ತಪ್ಪಿಲ್ಲ. ಕೊನೆಯ ಸಾಲು ಮಾತ್ರ, ‘ಮಾತು ಜೋರು, ಸೌಮ್ಯವಾಗಿದ್ದರೆ ಒಳ್ಳೆಯದು’ ಎಂದಿತ್ತು. “ಇರೋದನ್ನೇ ಬರೆದಿದ್ದಾರಲ್ಲ, ತಪ್ಪೇನು ಸಾರ್?” ಎಂದು ಕೇಳಿದರು. ಅಂದು ಸರಿಯಾಗಿ ಉತ್ತರಿಸಲಾಗಲಿಲ್ಲ, ಆದ್ದರಿಂದ ಈ ಬರಹ.

ನಮ್ಮ ಮಾತನ್ನೇ ನೋಡಿ. ಗಟ್ಟಿಯಾಗಿ ಮಾತಾಡುವ ಗಂಡಸು ಖಡಕ್ ಮನುಷ್ಯ. ಹೆಂಗಸಾದರೆ ಬಜಾರಿ, ಗಂಡುಬೀರಿ. ಇಂಗ್ಲಿಷಿನ ಕಚೇರಿಗಳಲ್ಲೂ ಇದೇ ಕಥೆ. 2014ರಲ್ಲಿ ಅಮೆರಿಕದ ಕೀರನ್ ಸ್ನೈಡರ್ ಎಂಬುವರು 28 ಕಂಪನಿಗಳ 248 ವರದಿಗಳನ್ನು ಓದಿದರು. ಟೀಕೆಯಿದ್ದ ವರದಿಗಳಲ್ಲಿ ಸ್ವಭಾವವನ್ನೇ ದೂರಿದ್ದು ಗಂಡಸರ 83ರಲ್ಲಿ ಎರಡು, ಹೆಂಗಸರ 94ರಲ್ಲಿ 71. ಬರೆದವರಲ್ಲಿ ಮಹಿಳಾ ಮೇಲಧಿಕಾರಿಗಳೂ ಇದ್ದರು.

ನಮ್ಮ ದೇಶದ ಉದಾಹರಣೆಗೆ ಕೊಡಗಿಗೇ ಹೋಗಬೇಕು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮೇಲಿನ ದರ್ಜೆಗೆ ಅರ್ಹತೆ ಸಾಲದೆಂದು ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಆ ಸೇವೆಯ ನಿಯಮದಲ್ಲಿ ಒಂದು ಸಾಲಿತ್ತು: ಮಹಿಳೆ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಕಂಡರೆ ರಾಜೀನಾಮೆ ಕೊಡಬೇಕು. ಗಂಡಸಿಗೆ ಇದಾವುದೂ ಇಲ್ಲ. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ಭೇದಭಾವವನ್ನು ಕಟುವಾಗಿ ಟೀಕಿಸಿ, ಮುತ್ತಮ್ಮನವರ ಹಿರಿತನವನ್ನು ಮರುಪರಿಶೀಲಿಸಲು ಹೇಳಿದರು.

ಇಷ್ಟು ಹೇಳಿ ನಮ್ಮದನ್ನು ಮುಚ್ಚಿಡುವುದು ಸರಿಯಲ್ಲ. ಕಚೇರಿಯಲ್ಲಿ ಗೌಪ್ಯ ವರದಿಗಳನ್ನು ಟೈಪ್ ಮಾಡುತ್ತಿದ್ದವರು ನಾವೇ. ಸಹೋದ್ಯೋಗಿ ಮಹಿಳೆಯೊಬ್ಬರ ವರದಿಯಲ್ಲಿ ‘ಮನೆಯ ಜವಾಬ್ದಾರಿ ಹೆಚ್ಚು’ ಎಂಬ ಸಾಲು ಮೂರು ವರ್ಷ ಬಂತು. ಆಕೆಯ ರಜೆಯ ರಿಜಿಸ್ಟರೂ ನಮ್ಮ ಬಳಿಯೇ ಇತ್ತು. ನಮಗಿಂತ ಕಡಿಮೆ ರಜೆ. ಆದರೂ ಬಡ್ತಿ ನಮಗೆ ಮೊದಲು ಬಂತು. ಆ ಸಾಲು ಆಕೆಗೆ ಗೊತ್ತಾಗಲಿಲ್ಲ. ನಾವೂ ಹೇಳಲಿಲ್ಲ.

ಈಗ ಸರ್ಕಾರಿ ನೌಕರರಿಗೆ ವರದಿಯಲ್ಲಿ ಬರೆದದ್ದನ್ನೆಲ್ಲ ತಿಳಿಸಲೇಬೇಕು. 2008ರ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದು ಹೇಳಿದೆ. ಖಾಸಗಿ ಕಂಪನಿಗಳಿಗೆ ಆ ತೀರ್ಪು ನೇರವಾಗಿ ಅನ್ವಯಿಸದು. ಆದರೆ ಯಾರು ಬೇಕಾದರೂ ಒಂದು ಪ್ರಶ್ನೆ ಕೇಳಬಹುದು: ಯಾವ ದಿನ, ಯಾವ ಕೆಲಸದಲ್ಲಿ? ಕೆಲಸದ ಬಗ್ಗೆ ಬರೆದಿದ್ದರೆ ಇದಕ್ಕೆ ಉತ್ತರ ಇರುತ್ತದೆ. ಬರೆಯುವವರೂ ಅದೇ ಸಾಲನ್ನು ಗಂಡಸಿನ ಹಾಳೆಯಲ್ಲಿ ಬರೆಯುತ್ತಿದ್ದೆವೇ ಎಂದು ನೋಡಿಕೊಳ್ಳಲಿ.

ಸದಸ್ಯರ ಮಗಳು ಹಾಗೇ ಕೇಳಿದಳಂತೆ. ಡೈಯಿಂಗಿನವರು ಬಟ್ಟೆ ತಡಮಾಡಿದ ದಿನ ಫೋನಿನಲ್ಲಿ ಜೋರು ಮಾಡಿದೆಯಲ್ಲ ಎಂದರಂತೆ ಮೇಲಧಿಕಾರಿ. ಆ ಸರಕು ಹೊತ್ತಿಗೆ ಹೋದದ್ದು ಅದೇ ಫೋನಿನಿಂದ. ಸಾಲನ್ನು ಇನ್ನೂ ತೆಗೆದಿಲ್ಲ.

ಮುಂದಿನ ಸಭೆಗೆ ಇಂಥ ಹಾಳೆಗಳಿದ್ದರೆ ಹೆಸರು, ಕಂಪನಿ ಅಳಿಸಿ ತನ್ನಿ. ಕೂತು ಓದೋಣ. ವರದಿ ಬರೆಯುವ ಹುದ್ದೆಯಲ್ಲಿರುವ ಸದಸ್ಯರೂ ತಪ್ಪದೆ ಬರಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ