ಬಿಸಿನೆಸ್ ನಿಮ್ದಂತೆ, ರೂಲ್ಸು ಕಂಪನೀದಂತೆ!

“ಎಷ್ಟು ದಿನ ಅಂತ ಇನ್ನೊಬ್ಬರ ಕೈಕೆಳಗೆ ದುಡೀತೀರಣ್ಣ? ನಿಮ್ದೇ ಸ್ವಂತ ಬಿಸಿನೆಸ್ ಶುರು ಮಾಡಿ. ಅಂಗಡಿ ಬೇಡ, ಬಾಡಿಗೆ ಬೇಡ, ಆಳು ಬೇಡ...”

ಹುಣಸೂರು–ಮೈಸೂರು ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಈ ಮಾತು ಹೊಸದೇನಲ್ಲ. ಪಕ್ಕದ ಸೀಟಿಗೆ ಟೈ ಕಟ್ಟಿದ ಹುಡುಗನೋ, ಪರಿಚಯದ ಮೇಷ್ಟ್ರೋ, ದೂರದ ನೆಂಟನೋ ಬಂದು ಕೂತರೆ ಬಿಳಿಕೆರೆ ದಾಟುವಷ್ಟರಲ್ಲಿ ಪೀಠಿಕೆ ಮುಗಿದಿರುತ್ತದೆ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜಿನಲ್ಲಿ ಹೊಗೆಸೊಪ್ಪು ಮಾರಿ ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕಂತೂ ಈ ಮಾತು ಇನ್ನೂ ಸಿಹಿ.

ಚೈನ್, ನೆಟ್‌ವರ್ಕ್, ಎಂಎಲ್ಎಂ, ಡೈರೆಕ್ಟ್ ಸೆಲ್ಲಿಂಗ್ – ಹೆಸರು ಹಲವು. ಸೋಪು, ಪ್ರೋಟೀನ್ ಪುಡಿ, ಟೂತ್‌ಪೇಸ್ಟ್ ಕೊಂಡು ಮಾರಬೇಕು. ನಿಮ್ಮ ಕೆಳಗೆ ಒಂದಷ್ಟು ಜನರನ್ನು ಸೇರಿಸಬೇಕು. ಅವರ ವ್ಯಾಪಾರದಲ್ಲೂ ನಿಮಗೊಂದು ಪಾಲು. ಸರಿ ಸ್ವಾಮಿ, ಆದರೆ ಇದು ‘ಸ್ವಂತ’ ಹೇಗಾಯಿತು?

ಕಾಗದದ ಮೇಲೇನೋ ಸ್ವಂತವೇ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಹೀಗೆ ಮಾರುವವನು ಕಂಪನಿಯ ಜೊತೆ ಸರಿಸಮ ಧಣಿಯಾಗಿ ಲಿಖಿತ ಕರಾರು ಮಾಡಿಕೊಂಡವನು. ಅಂದರೆ ಸಂಬಳ ಇಲ್ಲ, ಪಿಎಫ್ ಇಲ್ಲ, ಇಎಸ್ಐ ಇಲ್ಲ. ಧಣಿಗೆ ಅದೆಲ್ಲ ಯಾಕೆ!

ಈಗ ಕೆ.ಆರ್. ನಗರದ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರನ್ನು ನೋಡಿ. ಈ ಮಿಲ್ಲಿನ ಅಕ್ಕಿ ಚೆನ್ನಾಗಿಲ್ಲ ಅಂದರೆ ನಾಳೆ ಇನ್ನೊಂದು ಮಿಲ್ಲಿಗೆ ಹೋಗುತ್ತಾರೆ. ಗಿರಾಕಿ ಮುಖ ನೋಡಿ ಉದ್ರಿ ಕೊಡುತ್ತಾರೆ, ಬೇಡವೆಂದರೆ ಬೋರ್ಡು ತಗುಲಿಸುತ್ತಾರೆ. ಒಂದು ಸೋಪು ಓಡದಿದ್ದರೆ ಪಕ್ಕದಲ್ಲಿ ಮತ್ತೊಂದು ಕಂಪನಿಯ ಸೋಪು ಇಡುತ್ತಾರೆ. ತಲೆನೋವೂ ಅವರದೇ, ತೀರ್ಮಾನವೂ ಅವರದೇ. ಚೈನಿನ ‘ಧಣಿ’ಗೆ ತಲೆನೋವು ಮಾತ್ರ ಸ್ವಂತ. ಸರಕು ಒಂದೇ ಕಡೆಯಿಂದ ಬರಬೇಕು. ಪಾಯಿಂಟು, ಕಮಿಷನ್ನು ಎಲ್ಲ ಮೇಲಿನವರು ಗೊತ್ತುಮಾಡಿದ್ದು.

ದುಡ್ಡು ಕೊಟ್ಟು ತಂದ ಮಾಲನ್ನು ಎಲ್ಲಿ ಮಾರಬೇಕು ಅನ್ನುವುದಾದರೂ ಅವನ ಇಷ್ಟವೇ? ಅಂಗಡಿಯಲ್ಲಿ ಇಟ್ಟು ಮಾರಬಾರದು ಎನ್ನುವ ಕರಾರುಗಳಿವೆ. ತನ್ನ ಒಪ್ಪಿಗೆಯಿಲ್ಲದೆ ಅಮೆಜಾನ್ ಮುಂತಾದ ಕಡೆ ತನ್ನ ಸರಕು ಮಾರಬಾರದು ಎಂದು ಆಮ್ವೇ ಕಂಪನಿ ದೆಹಲಿ ಹೈಕೋರ್ಟಿನವರೆಗೂ ಹೋಗಿತ್ತು. 2019ರಲ್ಲಿ ಅದರ ಪರ ಆದ ಆದೇಶವನ್ನು 2020ರ ಜನವರಿಯಲ್ಲಿ ವಿಭಾಗೀಯ ಪೀಠ ತಳ್ಳಿಹಾಕಿತು. ಕೊಂಡ ಮಾಲು ಕೊಂಡವನದೇ ಆಗಿದ್ದರೆ ಈ ಜಗಳವೇ ಯಾಕೆ ಬೇಕಿತ್ತು?

ಚುಂಚನಕಟ್ಟೆ ದನದ ಜಾತ್ರೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿಯುವ ದಲ್ಲಾಳಿ ಎಷ್ಟೋ ವಾಸಿ. ಕಮಿಷನ್ ತಗೊಳ್ತಾನೆ, ಆದರೆ ಮೊದಲು ನೀನೊಂದು ಜೋಡಿ ಎತ್ತು ಕೊಂಡುಕೋ ಅಂತ ಅವನಿಗೆ ಯಾರೂ ಹೇಳುವುದಿಲ್ಲ.

ಜನ ಸೇರಿಸುವ ಲೆಕ್ಕಕ್ಕೆ ಬನ್ನಿ. ಒಬ್ಬೊಬ್ಬರು ಆರೇ ಜನ, ಜಾಸ್ತಿ ಏನಲ್ಲ ಅಂತಾರೆ. ಆರು, 36, 216, 1,296... ಏಳನೇ ಸುತ್ತಿಗೆ 2,79,936. ಒಂಬತ್ತನೇ ಸುತ್ತಿಗೆ ಒಂದು ಕೋಟಿ ದಾಟುತ್ತದೆ. 2011ರ ಜನಗಣತಿಯಂತೆ ಇಡೀ ಮೈಸೂರು ಜಿಲ್ಲೆಯ ಜನಸಂಖ್ಯೆ ತೊಟ್ಟಿಲ ಕೂಸು ಸೇರಿ 30 ಲಕ್ಷ ಚಿಲ್ಲರೆ! ಕೊನೆಯ ಸಾಲಿನವನು ಯಾರನ್ನು ಸೇರಿಸಬೇಕು? ಯಾವ ಹೊತ್ತಿಗೆ ನೋಡಿದರೂ ಅತಿ ಹೆಚ್ಚು ಜನ ಇರುವುದು ಆ ಕೊನೆಯ ಸಾಲಿನಲ್ಲೇ.

ಚೈನು ಹುಟ್ಟಿ ಬೆಳೆದ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಸಿಬ್ಬಂದಿ 70 ಕಂಪನಿಗಳ ಆದಾಯ ಪತ್ರಗಳನ್ನು ತೆಗೆದು ನೋಡಿ 2024ರಲ್ಲಿ ವರದಿ ಕೊಟ್ಟರು. ಸೇರಿದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಇಲ್ಲವೇ ಅದಕ್ಕಿಂತ ಕಮ್ಮಿ. ಅದೂ ಕೈಯಿಂದ ಹಾಕಿದ ಖರ್ಚು ಕಳೆಯುವ ಮುಂಚೆ.

ನಮ್ಮ ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಅಲ್ಲಿ ದಾಖಲಾಗಿದ್ದ ಕೇಸುಗಳ ಮೇಲೆ ಕೇರಳ ಪೊಲೀಸರು 2013ರಲ್ಲಿ ಆಮ್ವೇ ಇಂಡಿಯಾದ ಮುಖ್ಯಸ್ಥರನ್ನೇ ಬಂಧಿಸಿದ್ದರು. ಮರುವರ್ಷ ಕರ್ನೂಲು ಪೊಲೀಸರ ಸರದಿ. 2022ರ ಏಪ್ರಿಲ್‌ನಲ್ಲಿ ಇ.ಡಿ. ಅದೇ ಕಂಪನಿಯ 757 ಕೋಟಿ ರೂಪಾಯಿಗೂ ಮೀರಿದ ಆಸ್ತಿ ಜಪ್ತಿ ಮಾಡಿ, ಇದು ಪಿರಮಿಡ್ ವಂಚನೆ ಎಂದು ಆರೋಪಿಸಿತು. ಕಂಪನಿಯಾದರೋ ತಾನು ಕಾನೂನಿನಂತೆ ನಡೆದಿದ್ದೇನೆ ಎನ್ನುತ್ತದೆ. ಸರಕಿನ ಮರೆಯಿಲ್ಲದೆ ಬರೀ ದುಡ್ಡು ಸುತ್ತಿಸುವ ಸ್ಕೀಮಿಗಂತೂ 1978ರಿಂದಲೇ ನಿಷೇಧವಿದೆ, ಮೂರು ವರ್ಷದವರೆಗೆ ಜೈಲು.

ಎಲ್ಲರೂ ಮೋಸಗಾರರು ಅಂತ ನಾವು ಹೇಳುತ್ತಿಲ್ಲ. ಮನೆಮನೆಗೆ ಸರಕು ಒಯ್ದು ಮಾರಿ ನಾಲ್ಕು ಕಾಸು ಕಾಣುವ ಹೆಂಗಸರಿದ್ದಾರೆ. ಅದು ವ್ಯಾಪಾರವೇ, ಸಂತೋಷ. ಸಂಕಟ ಇರುವುದು ಪಿರಿಯಾಪಟ್ಟಣದ ಹಳ್ಳಿಯ ಅಕ್ಕ ಒಬ್ಬಳು ಸಂಘದ ಸಾಲ ಎತ್ತಿ ಡಬ್ಬಿಗಳನ್ನು ಬೀರುವಿನಲ್ಲಿ ತುಂಬಿಕೊಂಡಾಗ. ಪಾಯಿಂಟು ಉಳಿಸಿಕೊಳ್ಳಲು ತಿಂಗಳು ತಿಂಗಳು ತಾನೇ ಕೊಳ್ಳುತ್ತಾಳೆ. ಅಂದರೆ ಅವಳು ಧಣಿಯಲ್ಲ, ಕಂಪನಿಯ ಕಾಯಂ ಗಿರಾಕಿ! ಡಬ್ಬಿಯ ತಾರೀಖು ಮುಗಿಯುತ್ತದೆ, ವಾರದ ಕಂತು ಮುಗಿಯುವುದಿಲ್ಲ. ಸೇರಿಸಿದ ನಾದಿನಿಯ ಜೊತೆ ಮಾತೂ ನಿಲ್ಲುತ್ತದೆ.

ಈಗಾಗಲೇ ಸೇರಿದವರಿಗೆ ಒಂದೆರಡು ಮಾತು. 2021ರ ನಿಯಮದಂತೆ ಪ್ರವೇಶ ಶುಲ್ಕ ಕೇಳುವಂತಿಲ್ಲ. ಕರಾರಾದ ಮೇಲೆ ಇಂತಿಷ್ಟು ದಿನದೊಳಗೆ ದಂಡವಿಲ್ಲದೆ ಹಿಂದೆ ಸರಿಯಬಹುದು, ಎಷ್ಟು ದಿನ ಅಂತ ಕರಾರಿನಲ್ಲೇ ನೋಡಿಕೊಳ್ಳಿ. ಮಾರಲು ಬರುವವರ ಹತ್ತಿರ ಗುರುತಿನ ಚೀಟಿ ಇರಬೇಕು, ಮೊದಲೇ ಕೇಳಿಕೊಂಡು ಮನೆಗೆ ಬರಬೇಕು. ಬಿಲ್ಲು, ಕರಾರು ಪತ್ರ ಎರಡನ್ನೂ ಬಿಸಾಡದೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.