ಸಾಲಿನ ನಡುವೆ ಸ್ವರಚಿಹ್ನೆ

ಪ್ರಶ್ನೆ: ಸಂಗೀತದ ಲೇಖನ ಟೈಪ್ ಮಾಡುವಾಗ ನಡುವೆ ಶಾರ್ಪ್, ಫ್ಲ್ಯಾಟ್ ಚಿಹ್ನೆ ಹಾಕಿದರೆ ಸಾಲುಗಳ ಅಂತರವೇ ಕೆಡುತ್ತದೆ. ಏನು ಮಾಡಲಿ?

ಉತ್ತರ: ತಪ್ಪು ಚಿಹ್ನೆಯದಲ್ಲ, ಫಾಂಟಿನದು. ನಿಮ್ಮ ಕನ್ನಡ ಫಾಂಟಿನಲ್ಲಿ ♯, ♭ ಇಲ್ಲದಿದ್ದರೆ ಕಂಪ್ಯೂಟರು ಅವನ್ನು ಬೇರೊಂದು ಫಾಂಟಿನಿಂದ ಎರವಲು ತರುತ್ತದೆ. ಅದರ ಎತ್ತರ ಹೆಚ್ಚಿದ್ದರೆ ಆ ಸಾಲೊಂದೇ ದೂರ ಸರಿಯುತ್ತದೆ. ವರ್ಡ್‌ನ ಲೈನ್ ಸ್ಪೇಸಿಂಗ್‌ನಲ್ಲಿ ‘ಎಕ್ಸಾಕ್ಟ್ಲಿ’ ಆರಿಸಿ, ಅಕ್ಷರದ ಅಳತೆಗಿಂತ ಹೆಚ್ಚಿನ ಪಾಯಿಂಟ್ ಕೊಡಿ. ಜಿಪುಣತನ ಮಾಡಿದರೆ ನಮ್ಮ ಒತ್ತಕ್ಷರಗಳ ಕಾಲು ತುಂಡಾದೀತು!

ಶಾರ್ಪ್ ಬದಲು ಕೀಬೋರ್ಡಿನ # ಒತ್ತಿ ಮುಗಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಹ್ಯಾಷ್‌ನ ಅಡ್ಡಗೆರೆಗಳು ಮಟ್ಟಸ, ಶಾರ್ಪ್‌ನವು ಬಲಕ್ಕೆ ಏರುತ್ತವೆ. ಬಲ್ಲವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಕ್ಲೆಫ್ ಮುಂತಾದವಕ್ಕೆ ಯೂನಿಕೋಡ್ 2001ರಲ್ಲೇ ಜಾಗ ಕೊಟ್ಟಿದ್ದರೂ ಸಾಮಾನ್ಯ ಫಾಂಟ್‌ಗಳಲ್ಲಿ ಅವು ಸಿಗುವುದು ಅಪರೂಪ. ಸ್ಟೈನ್‌ಬರ್ಗ್ ಸಂಸ್ಥೆಯ ಉಚಿತ ಫಾಂಟ್ ‘ಬ್ರಾವುರಾ ಟೆಕ್ಸ್ಟ್’ ಹಾಕಿಕೊಳ್ಳಿ. ಪಠ್ಯದ ಸಾಲಿನಲ್ಲಿ ಬಳಸಲೆಂದೇ ಅದನ್ನು ಹೊಂದಿಸಿದ್ದಾರೆ.

ಕರ್ನಾಟಕ ಸಂಗೀತದ ತಾರಸ್ಥಾಯಿಗೆ ಸ್ವರಾಕ್ಷರದ ಮೇಲೆ, ಮಂದ್ರಕ್ಕೆ ಕೆಳಗೆ ಚುಕ್ಕಿ ಇಡುವ ಕೆಲಸ ಇನ್ನೂ ನಾಜೂಕಿನದು. ಫಾಂಟು ಸಹಕರಿಸದಿದ್ದರೆ ಚುಕ್ಕಿ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಮುದ್ರಣಕ್ಕೆ ಕಳಿಸುವ ಮುನ್ನ ಪಿಡಿಎಫ್ ಮಾಡಿ, ಒಂದೊಂದು ಚುಕ್ಕಿಯನ್ನೂ ನೋಡಿಬಿಡಿ.