ಹಳೇ ಸ್ಟೀರಿಯೊ ಟ್ಯೂನರ್‌ನಲ್ಲಿ 100.6 ಬರುತ್ತಾ? ಕೊಳ್ಳೋ ಮುಂಚೆ ತಿಳಿದಿರಬೇಕಾದ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಹಳೇ ಹೈ-ಫೈ ಸ್ಟೀರಿಯೊ ಟ್ಯೂನರ್. ಮುಂದೆ ಉದ್ದನೆಯ ಗಾಜಿನ ಡಯಲ್, ಹಿಂದಿನಿಂದ ಮಂದ ಬೆಳಕು, ಪಕ್ಕದಲ್ಲಿ ಮುಳ್ಳಾಡೋ ಎರಡು ಮೀಟರ್, ಕೈತುಂಬ ಸಿಗೋ ದೊಡ್ಡ ಗುಂಡಿ. 1970ರ ದಶಕದ ಪಯೋನಿಯರ್, ಸಾನ್ಸುಯಿ, ಯಮಹಾ, ಕೆನ್‌ವುಡ್ ಸೆಟ್‌ಗಳು ಈಗ ಮತ್ತೆ ಕೈಬದಲಾಗುತ್ತಿವೆ. ಕೆಲವರ ಮನೆಯ ಅಟ್ಟದಲ್ಲೇ ಇವೆ, ಗಲ್ಫ್‌ನಿಂದ ಬಂದ ಚಿಕ್ಕಪ್ಪ ತಂದದ್ದು ಅಂತ. ನಂಜನಗೂಡು, ತಿ. ನರಸೀಪುರದ ಕಡೆ ಇರೋರಿಗೆ ಪ್ರಶ್ನೆ ಒಂದೇ: ಇದನ್ನ ಇಟ್ಟುಕೊಂಡರೆ ಉಪಯೋಗ ಇದೆಯಾ, ಇಲ್ಲಾ ಗುಜರಿಗೆ ಹಾಕಬೇಕಾ?

ಟ್ಯೂನರ್ ಅಂದ್ರೆ ರೇಡಿಯೊ ಅಲ್ವಾ?

ಅರ್ಧ ರೇಡಿಯೊ ಅನ್ನಿ. ಟ್ಯೂನರ್ ತರಂಗವನ್ನ ಹಿಡಿದು ಧ್ವನಿಯಾಗಿಸಿ ಕೊಡುತ್ತೆ, ಅಷ್ಟೇ. ಅದರೊಳಗೆ ಆಂಪ್ಲಿಫೈಯರ್ ಇಲ್ಲ, ಸ್ಪೀಕರ್ ಇಲ್ಲ. ಹಿಂದೆ ಎರಡು ಪಿನ್ ಸಾಕೆಟ್ ಇರತ್ತೆ, ಎಡಕ್ಕೊಂದು, ಬಲಕ್ಕೊಂದು. ಅಲ್ಲಿಂದ ವೈರ್ ಎಳೆದು ಆಂಪ್ಲಿಫೈಯರ್‌ಗೋ, ಈಗಿನ ಹೋಂ ಥಿಯೇಟರ್‌ನ ಆಕ್ಸ್‌ಗೋ ಕೊಡಬೇಕು. ಸ್ಪೀಕರ್ ವೈರ್ ನೇರ ಸಿಕ್ಕಿಸಿ, ಸದ್ದೇ ಇಲ್ಲ, ಸೆಟ್ ಹೋಗಿದೆ ಅಂತ ಎಷ್ಟೋ ಒಳ್ಳೇ ಸೆಟ್‌ಗಳು ಮೂಲೆ ಸೇರಿವೆ.

ಇನ್ನೊಂದು ವಿಚಾರ. ನಮ್ಮ ದೇಶದಲ್ಲಿ ಎಫ್‌ಎಂ ಪ್ರಸಾರ ಮೊದಲು ಶುರುವಾಗಿದ್ದು 1977ರಲ್ಲಿ, ಮದ್ರಾಸಿನಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಬಂದಿದ್ದು 2001ರಲ್ಲಿ. ಹಾಗಾಗಿ ಎಪ್ಪತ್ತರ ದಶಕದಲ್ಲಿ ಈ ಸೆಟ್ ತಂದವರ ಮನೆಯಲ್ಲಿ ಎಫ್‌ಎಂ ಡಯಲ್ ಪೂರ್ತಿ ಖಾಲಿ. ಕೇಳ್ತಿದ್ದದ್ದು ಮಧ್ಯಮ ತರಂಗ ಮಾತ್ರ. ಅಂದ್ರೆ ಸೆಟ್ ಯಾವುದಕ್ಕಾಗಿ ತಯಾರಾಗಿತ್ತೋ ಆ ಕೆಲಸ ನಮ್ಮೂರಲ್ಲಿ ಅದಕ್ಕೆ ಸಿಕ್ಕಿದ್ದೇ ತಡವಾಗಿ.

ಸ್ಟೀರಿಯೊ ದೀಪ ಹತ್ತೋದು ಹೇಗೆ?

ಒಂದೇ ತರಂಗದಲ್ಲಿ ಎಡ, ಬಲ ಎರಡೂ ಧ್ವನಿ ಹೇಗೆ ಬರತ್ತೆ? ಲೆಕ್ಕ ಸರಳ. ನಿಲ್ದಾಣದವರು ಎರಡನ್ನೂ ಬೇರೆ ಬೇರೆ ಕಳಿಸಲ್ಲ. ಎರಡರ ಮೊತ್ತ ಒಂದು, ವ್ಯತ್ಯಾಸ ಇನ್ನೊಂದು, ಹೀಗೆ ಕಳಿಸ್ತಾರೆ. ಎಡ 7, ಬಲ 3 ಅಂತಿಟ್ಟುಕೊಳ್ಳಿ. ಮೊತ್ತ 10, ವ್ಯತ್ಯಾಸ 4. ಸೆಟ್ ಒಳಗೆ ಎರಡನ್ನೂ ಕೂಡಿ ಅರ್ಧ ಮಾಡಿದರೆ 7, ಕಳೆದು ಅರ್ಧ ಮಾಡಿದರೆ 3. ಎಡ ಬಲ ವಾಪಸ್ ಸಿಕ್ಕಿತು. ಸಾದಾ ರೇಡಿಯೊ ಇಟ್ಟುಕೊಂಡವರಿಗೆ ಮೊತ್ತ ಮಾತ್ರ ಕೇಳತ್ತೆ, ಅವರಿಗೇನೂ ನಷ್ಟ ಇಲ್ಲ. ಅಮೆರಿಕ 1961ರಲ್ಲಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು.

ವ್ಯತ್ಯಾಸದ ಭಾಗ 38 ಕಿಲೋಹರ್ಟ್ಸ್ ಮೇಲೆ ಸವಾರಿ ಮಾಡಿಕೊಂಡು ಬರತ್ತೆ. ಜೊತೆಗೆ 19 ಕಿಲೋಹರ್ಟ್ಸ್‌ನ ಒಂದು ಸಣ್ಣ ನಾದ ಇರತ್ತೆ, ಅದಕ್ಕೆ ಪೈಲಟ್ ಅಂತಾರೆ. ಟ್ಯೂನರ್ ಆ ಪೈಲಟ್ ಗುರುತಿಸಿದ ತಕ್ಷಣ ದೀಪ ಹತ್ತಿಸತ್ತೆ. ನಿಲ್ದಾಣ ಮಾನೋದಲ್ಲೇ ಪ್ರಸಾರ ಮಾಡ್ತಿದ್ದರೆ ಪೈಲಟ್ ಇರಲ್ಲ, ದೀಪವೂ ಹತ್ತಲ್ಲ. ಅದು ಸೆಟ್‌ನ ದೋಷ ಅಲ್ಲ.

ಆದರೆ ಸ್ಟೀರಿಯೊಗೆ ಒಂದು ಬೆಲೆ ತೆರಬೇಕು. ವ್ಯತ್ಯಾಸದ ಭಾಗ ಬರೋ ಆವರ್ತನದಲ್ಲಿ ಗುಸುಗುಸು ಸದ್ದು ಜಾಸ್ತಿ. ಸಿಗ್ನಲ್ ಬಲವಾಗಿದ್ದರೆ ಗೊತ್ತಾಗಲ್ಲ. ಸಿಗ್ನಲ್ ದುರ್ಬಲವಾಗಿದ್ದರೆ ಮಾನೋದಲ್ಲಿ ಸ್ವಚ್ಛವಾಗಿ ಬರೋ ಹಾಡು ಸ್ಟೀರಿಯೊದಲ್ಲಿ ಎಣ್ಣೆಗೆ ಒಗ್ಗರಣೆ ಹಾಕಿದ ಹಾಗೆ ಸಿಡಿಯತ್ತೆ. ಅದಕ್ಕೇ ಮುಂದುಗಡೆ ಮಾನೋ ಸ್ವಿಚ್ ಇಟ್ಟಿರೋದು.

ಮುಂದಿರೋ ಗುಂಡಿಗಳ ಕೆಲಸ ಏನು?

ಮೀಟರ್‌ಗಳಿಂದ ಶುರು ಮಾಡೋಣ. ಒಂದು ಸಿಗ್ನಲ್ ಬಲ ತೋರಿಸತ್ತೆ, ಅದರ ಮುಳ್ಳು ಬಲಕ್ಕೆ ಹೋದಷ್ಟೂ ಒಳ್ಳೆಯದು. ಇನ್ನೊಂದರ ಮುಳ್ಳು ಸರಿಯಾಗಿ ಮಧ್ಯಕ್ಕೆ ನಿಂತಾಗ ಮಾತ್ರ ನೀವು ನಿಲ್ದಾಣದ ಮೇಲೆ ನೇರವಾಗಿ ಇದ್ದೀರಿ ಅಂತ ಅರ್ಥ. ಕಿವಿಗೆ ಸರಿ ಅನ್ನಿಸಿದರೂ ಮುಳ್ಳು ವಾಲಿದ್ದರೆ 'ಸ', 'ಶ' ಅಕ್ಷರಗಳು ಒಡೆದು ಕೇಳ್ತವೆ.

ಮ್ಯೂಟಿಂಗ್ ಸ್ವಿಚ್ ಎರಡು ನಿಲ್ದಾಣಗಳ ನಡುವಿನ ಭೋರ್ಗರೆತವನ್ನ ಮುಚ್ಚತ್ತೆ. ಆದರೆ ದೂರದ, ದುರ್ಬಲ ನಿಲ್ದಾಣವನ್ನೂ ಮುಚ್ಚಿಬಿಡತ್ತೆ. ಊರಾಚೆ ತೋಟದ ಮನೇಲಿ ಏನೂ ಬರ್ತಿಲ್ಲ ಅಂದ್ರೆ ಮೊದಲು ಇದನ್ನ ಆಫ್ ಮಾಡಿ ನೋಡಿ.

ಕೆಲವು ಒಳ್ಳೆ ಸೆಟ್‌ಗಳಲ್ಲಿ, ಉದಾಹರಣೆಗೆ ಸಾನ್ಸುಯಿ ಟಿಯು-717ರಲ್ಲಿ, ವೈಡ್ ಮತ್ತು ನ್ಯಾರೋ ಅಂತ ಸ್ವಿಚ್ ಇರತ್ತೆ. ಅಕ್ಕಪಕ್ಕ ಗಲಾಟೆ ಇಲ್ಲದಿದ್ದಾಗ ವೈಡ್, ಧ್ವನಿ ಚೆನ್ನ. ಪಕ್ಕದ ಬಲವಾದ ನಿಲ್ದಾಣ ಮೈಮೇಲೆ ಬೀಳ್ತಿದ್ದರೆ ನ್ಯಾರೋ. ಆಗ ಧ್ವನಿಯ ಗುಣ ಸ್ವಲ್ಪ ತಗ್ಗಿದರೂ ಬೇಕಾದ ನಿಲ್ದಾಣ ಬೇರೆಯಾಗಿ ಸಿಗತ್ತೆ.

ಎಲ್ಲಿಗಾಗಿ ತಯಾರಾದ ಸೆಟ್?

ದುಡ್ಡು ಕೊಡೋ ಮುಂಚೆ ಇದನ್ನ ನೋಡಲೇಬೇಕು. ಮೈಸೂರು ಆಕಾಶವಾಣಿ ಬರೋದು 100.6 ಮೆಗಾಹರ್ಟ್ಸ್‌ನಲ್ಲಿ. ಜಪಾನ್‌ನ ಒಳಮಾರುಕಟ್ಟೆಗೆ ಮಾಡಿದ ಹಳೇ ಸೆಟ್‌ಗಳ ಎಫ್‌ಎಂ ಡಯಲ್ 76ರಿಂದ 90ಕ್ಕೇ ಮುಗಿಯತ್ತೆ. ಎಷ್ಟು ತಿರುಗಿಸಿದರೂ 100.6 ಸಿಗಲ್ಲ.

ಅಮೆರಿಕಕ್ಕೆ ಮಾಡಿದ ಅಂಕಿ ತೋರಿಸೋ ಡಿಜಿಟಲ್ ಟ್ಯೂನರ್‌ಗಳಲ್ಲಿ ಇನ್ನೊಂದು ತೊಡಕು. ಅಲ್ಲಿನ ನಿಲ್ದಾಣಗಳೆಲ್ಲ ಬೆಸ ಅಂಕಿಯಲ್ಲಿ ಮುಗೀತವೆ. ಹಾಗಾಗಿ ಹಲವು ಸೆಟ್‌ಗಳು 100.5ರಿಂದ ನೇರ 100.7ಕ್ಕೆ ಹಾರ್ತವೆ, ನಮ್ಮ 100.6 ನಡುವೆ ತಪ್ಪಿಹೋಗತ್ತೆ. ಮಧ್ಯಮ ತರಂಗದಲ್ಲೂ ಅವು 10 ಕಿಲೋಹರ್ಟ್ಸ್ ಹೆಜ್ಜೆ ಇಡ್ತವೆ, ನಮ್ಮದು 9ರ ಹೆಜ್ಜೆ. ಬೆಂಗಳೂರು ಆಕಾಶವಾಣಿಯ 612 ಅಂದ್ರೆ 9ರ 68 ಪಟ್ಟು. ಅವು 610ರಲ್ಲೇ ನಿಂತುಬಿಡ್ತವೆ. ಹಿಂದೆ ಹೆಜ್ಜೆ ಬದಲಿಸೋ ಸ್ವಿಚ್ ಇದ್ದರೆ ಬಚಾವ್. ಮುಳ್ಳು ಜಾರಿಸೋ ಹಳೇ ಡಯಲ್ ಸೆಟ್‌ಗೆ ಈ ತಾಪತ್ರಯವೇ ಇಲ್ಲ, ಎಲ್ಲಿ ಬೇಕಾದರೂ ನಿಲ್ಲತ್ತೆ.

ಎಲ್ಲಕ್ಕಿಂತ ಮುಖ್ಯ, ಕರೆಂಟ್. ಜಪಾನ್ ಸೆಟ್ 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಹಿಂದಿನ ಪಟ್ಟಿ ಓದದೆ ಪ್ಲಗ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗತ್ತೆ. ವೋಲ್ಟೇಜ್ ಸರಿಯಿದ್ದರೂ ವರ್ಷಗಟ್ಟಲೆ ಸುಮ್ಮನಿದ್ದ ಸೆಟ್‌ನ ಕೆಪಾಸಿಟರ್‌ಗಳು ಒಣಗಿರಬಹುದು. ಅದನ್ನ ನೀವೇ ಬಿಚ್ಚಬೇಡಿ. ರಿಪೇರಿಯವರ ಹತ್ತಿರ ಒಯ್ದು, ಮೊದಲ ಸಲ ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿಸಿ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ.

ಆಂಟೆನಾ ಯಾವ ಕಡೆಗೆ?

ಎಫ್‌ಎಂ ತರಂಗ ಹೆಚ್ಚುಕಮ್ಮಿ ಕಣ್ಣಿನ ದೃಷ್ಟಿಯ ಹಾಗೆ, ನೇರ ಹೋಗತ್ತೆ. ಮೈಸೂರಿನಿಂದ ನಂಜನಗೂಡು ಸುಮಾರು 25 ಕಿಲೋಮೀಟರ್, ತಿ. ನರಸೀಪುರ ಸುಮಾರು 30. 100 ಮೀಟರ್ ಎತ್ತರದ ಒಂದು ಗೋಪುರ, 9 ಮೀಟರ್ ಎತ್ತರದಲ್ಲಿ ನಿಮ್ಮ ಆಂಟೆನಾ ಅಂತಿಟ್ಟುಕೊಂಡರೆ ಲೆಕ್ಕದ ಪ್ರಕಾರ ಸುಮಾರು 50 ಕಿಲೋಮೀಟರ್ ತನಕ ತಲುಪಬೇಕು. ದೂರ ಸಮಸ್ಯೆ ಅಲ್ಲ. ಗೋಡೆ, ತಗ್ಗು, ಬೆಟ್ಟಕ್ಕೆ ಬಡಿದು ವಾಪಸ್ ಬರೋ ತರಂಗ, ಇವು ಸಮಸ್ಯೆ.

300 ಓಮ್‌ನ ಚಪ್ಪಟೆ ವೈರ್, ಅದೇ ಹಳೇ ಟಿವಿ ಆಂಟೆನಾದ್ದು, ಸುಮಾರು 1.4 ಮೀಟರ್ ಕತ್ತರಿಸಿ. ಎರಡೂ ತುದಿಗಳಲ್ಲಿ ತಂತಿಗಳನ್ನ ಒಂದಕ್ಕೊಂದು ಸೇರಿಸಿ. ಒಂದು ಬದಿಯ ತಂತಿಯನ್ನ ಮಧ್ಯದಲ್ಲಿ ತುಂಡರಿಸಿ, ಅಲ್ಲಿಂದ ಇನ್ನೊಂದು ವೈರ್ ಸೆಟ್‌ಗೆ ಎಳೆಯಿರಿ. ಇದರ ಮುಖ ಮೈಸೂರಿಗಿರಬೇಕು. ನಂಜನಗೂಡಿಗೆ ಮೈಸೂರು ಉತ್ತರಕ್ಕೆ, ಹಾಗಾಗಿ ಅಲ್ಲಿ ವೈರ್ ಪೂರ್ವ-ಪಶ್ಚಿಮ ಕಟ್ಟಿ. ತಿ. ನರಸೀಪುರಕ್ಕೆ ಮೈಸೂರು ಹೆಚ್ಚುಕಮ್ಮಿ ಪಶ್ಚಿಮಕ್ಕೆ, ಅಲ್ಲಿ ಉತ್ತರ-ದಕ್ಷಿಣ ಕಟ್ಟಿ. ಆಮೇಲೆ ಮೀಟರ್ ನೋಡ್ತಾ ಸ್ವಲ್ಪ ಸ್ವಲ್ಪ ತಿರುಗಿಸಿ.

ಹಾಗಾದ್ರೆ ಇಟ್ಟುಕೊಳ್ಳೋದಾ?

ಮಧ್ಯಮ ತರಂಗದ ಪ್ರಸಾರ ಕೇಂದ್ರಗಳನ್ನ ಪ್ರಸಾರ ಭಾರತಿ ಒಂದೊಂದಾಗಿ ನಿಲ್ಲಿಸ್ತಾ ಬಂದಿದೆ. ಡಿಜಿಟಲ್ ಪ್ರಸಾರ ಈ ಸೆಟ್‌ಗಳಿಗೆ ಅರ್ಥವಾಗಲ್ಲ. ಅಂದ್ರೆ ಮಧ್ಯಮ ತರಂಗ ನಂಬಿಕೊಂಡು ಕೊಳ್ಳಬೇಡಿ. ಎಫ್‌ಎಂ ಇರೋ ತನಕ ಮಾತ್ರ ಇದಕ್ಕೆ ಬದುಕು. ಡಯಲ್‌ನಲ್ಲಿ 100.6 ಇದ್ದು, 230 ವೋಲ್ಟ್‌ಗೆ ಒಗ್ಗೋ ಸೆಟ್ ಅಟ್ಟದಲ್ಲಿದ್ದರೆ ಗುಜರಿಗೆ ಹಾಕಬೇಡಿ. ಹಾಕಿದರೆ ತೂಕದ ದುಡ್ಡು ಸಿಗತ್ತೆ, ಅಷ್ಟೇ.

1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬರೀ 30 ವ್ಯಾಟ್‌ನ ಪ್ರಸಾರ ಯಂತ್ರ ಇಟ್ಟು ಬಾನುಲಿ ಕೇಂದ್ರ ಶುರು ಮಾಡಿದರು. ಒಂದು ಸಣ್ಣ ಬಲ್ಬ್‌ನಷ್ಟು ಶಕ್ತಿ! 'ಆಕಾಶವಾಣಿ' ಅನ್ನೋ ಹೆಸರು ಆ ಕೇಂದ್ರದ್ದು. ಇವತ್ತು ಅದೇ ಮೈಸೂರಿನ ಪ್ರಸಾರವನ್ನ ಕೇಳೋಕೆ ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೇ ಕಿವಿ ಸಿಗೋದು ಕಷ್ಟ.

ನಿಮ್ಮ ಮನೆಯಲ್ಲೂ ಇಂಥ ಸೆಟ್ ಇದ್ದರೆ ಹಿಂದಿನ ಪಟ್ಟಿಯಲ್ಲಿ ಏನು ಬರೆದಿದೆ ಅಂತ ಮೊದಲು ಓದಿ, ಪ್ಲಗ್ ಆಮೇಲೆ.